ಜಗಳೂರು ಕಡೆಯವರು

ವೇದಿಕೆಯ ಅಧ್ಯಕ್ಷರಾದ ಮಲ್ಲೇಶಪ್ಪನವರೇ, ಹೊಸಬೆಳಕು ನಾಗರಿಕ ಬಳಗದ ಪದಾಧಿಕಾರಿಗಳೇ, ಬಳಗದ ಮಹಿಳಾ ಘಟಕವನ್ನು ಮುನ್ನಡೆಸುತ್ತಿರುವ ನಿರ್ಮಲಮ್ಮನವರೇ, ಹೊನ್ನಾಳಿಯಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದೆ ಕುಳಿತಿರುವ ನ್ಯಾಮತಿಯ ನನ್ನ ಸಭಿಕರೇ,

ನಾನು ತಿಪ್ಪೇಶಪ್ಪ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರ್. ನಿಮ್ಮಲ್ಲಿ ಅರ್ಧ ಜನ ನನ್ನ ಮುಖ ನೋಡಿರುತ್ತೀರಿ, ಇನ್ನರ್ಧ ಜನ ಫುಟ್‌ಬೋರ್ಡಿನ ಮೇಲೆ ನಿಂತು ನನ್ನಿಂದ ಬೈಸಿಕೊಂಡಿರುತ್ತೀರಿ. ಕಂಡಕ್ಟರನ ಕೈಗೆ ಮೈಕು ಕೊಡಬಾರದು. ಬಾಯಿ ತೆರೆದರೆ ‘ಒಳಗೆ ನಡೀರಿ, ಹಿಂದೆ ಜಾಗ ಐತೆ’ ಅಂತಲೇ ಬರುತ್ತದೆ. ಸಭೆಯಲ್ಲಿ ‘ಐತೆ’ ಅನ್ನಬಾರದು, ‘ಇದೆ’ ಅನ್ನಬೇಕು ಎಂದು ಮಗಳು ಹೇಳಿಕೊಟ್ಟಿದ್ದಾಳೆ. ಎಲ್ಲಾದರೂ ಜಾರಿದರೆ ಮನ್ನಿಸಬೇಕು.

ಇವತ್ತು ನನಗೆ ಕೊಟ್ಟಿರುವ ವಿಷಯ ದೊಡ್ಡದು. ‘ಹೊಸ ನಾಯಕರ ಕಾಲದಲ್ಲಿ ದೇಶದ ಭವಿಷ್ಯ: ಒಬ್ಬ ತಂದೆಯ ಆಶಯ.’ ಈ ಊರಲ್ಲಿ ತಂದೆಯರಿಗೆ ಬರವೇ? ವಕೀಲರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಅಡಿಕೆ ಮಂಡಿಯ ಯಜಮಾನರಿದ್ದಾರೆ. ಅವರನ್ನೆಲ್ಲ ಬಿಟ್ಟು ನನ್ನನ್ನೇ ಕರೆದದ್ದು ಯಾಕೆಂದರೆ, ಆ ಫೋಟೋ. ಹೊಸ ನಾಯಕರು ಪ್ರಮಾಣವಚನ ತೆಗೆದುಕೊಂಡ ಮರುವಾರ ನೀವು ಬಳಗದವರು ಪೇಟೆ ಬೀದಿಯಲ್ಲಿ ಮೆರವಣಿಗೆ ಮಾಡಿದಿರಲ್ಲ, ಆಗ ನಾಯಕರ ಭಾವಚಿತ್ರ ಎದೆಗೊತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದ ಹುಡುಗಿಯ ಫೋಟೋ ಪೇಪರಿನಲ್ಲಿ ಬಂತು. ಆ ಹುಡುಗಿ ನನ್ನ ಮಗಳು ಜ್ಯೋತಿಲಕ್ಷ್ಮಿ, ಒಂಬತ್ತನೇ ತರಗತಿ. ಈಗ ನೀವು ನನಗೆ ಹೊದಿಸಿದ ಶಾಲು ನಿಜವಾಗಿ ಅವಳಿಗೆ ಸೇರಬೇಕಾದದ್ದು. ಮಗಳನ್ನು ಯಾಕೆ ಕರೆತರಲಿಲ್ಲ ಎಂದು ನಿರೂಪಕರು ಕೇಳಿದರು. ಹುಷಾರಿಲ್ಲ ಅಂದೆ. ಹಾಗೇ ಇಟ್ಟುಕೊಳ್ಳೋಣ.

ಆಶಯ ಇದೆಯೇ ಎಂದರೆ, ಇದೆ. ಇಲ್ಲದೆ ಏನು? ಪ್ರಮಾಣವಚನದ ದಿನ ನಾನು ರಜೆ ಹಾಕಿ ಟೀವಿ ಮುಂದೆ ಕುಳಿತೆ. ನನ್ನ ಹೆಂಡತಿ ಓಬವ್ವ ಸೊಪ್ಪು ಸೋಸುವುದನ್ನು ಬಿಟ್ಟು ಬಂದಳು. ‘ಈ ದೇಶದಲ್ಲಿ ಇನ್ನು ಮೇಲೆ ಹೊರಗಿನವರು ಅಂತ ಯಾರೂ ಇಲ್ಲ’ ಎಂದರು ನಾಯಕರು. ನನ್ನ ಮಗಳು ಟೀವಿಯ ಹತ್ತಿರ ಹೋಗಿ ಕುಳಿತಳು. ನಾನೂ ಓಬವ್ವನೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಓಟು ಹಾಕಿದ್ದು ಅವರಿಗೇ. ಆ ಮಾತು ಅವರು ಮನಸ್ಸಿನಿಂದಲೇ ಆಡಿದರು ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಹಿರಿಯರು ಸುಮ್ಮನೆ ಹೇಳಿಲ್ಲ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಬಸ್ಸು ಮತ್ತೆ ಮೇನ್ ರೋಡಿಗೆ ಬರುತ್ತದೆ.

ನಮ್ಮದು ಜಗಳೂರು ತಾಲೂಕಿನ ಬಿಳಿಚೋಡು. ನಮ್ಮಪ್ಪ ಊರವರ ಕುರಿ ಕಾಯುತ್ತಿದ್ದ. ಕುರಿ ಹೊಡೆದುಕೊಂಡು ಪರಊರಿಗೆ ಹೋದಾಗ ಜನ ಕೇಳುತ್ತಿದ್ದ ಮೊದಲ ಮಾತು, ‘ಯಾವ ಕಡೆಯೋರು?’ ಈ ಪ್ರಶ್ನೆ ನಿಮಗೂ ಗೊತ್ತು, ಇದರ ಒಳಗಿನ ಪ್ರಶ್ನೆಯೂ ಗೊತ್ತು. ಅಲ್ಲವೇ? ನಮ್ಮಪ್ಪ ಒಳಗಿನದನ್ನು ಮುಟ್ಟದೆ ಮೇಲಿನದಕ್ಕಷ್ಟೇ ಉತ್ತರ ಕೊಡುತ್ತಿದ್ದ. ‘ಜಗಳೂರು ಕಡೆಯೋರು, ಸ್ವಾಮಿ.’ ಸುಳ್ಳಲ್ಲ. ನ್ಯಾಮತಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ನಾನೂ ಅದನ್ನೇ ಹೇಳಿದೆ. ‘ಒಳ್ಳೇ ಜನ ಬಿಡ್ರಿ, ಆ ಕಡೆಯೋರು’ ಎಂದು ಮಾಲೀಕರು ಬೀಗದಕೈ ಕೊಟ್ಟರು. ಯಾವ ಕಡೆ ಎಂದು ಅವರು ತಿಳಿದುಕೊಂಡರೋ, ನಾನು ಕೆದಕಲಿಲ್ಲ.

ಮಗಳು ನಮ್ಮ ಬಾಯಿಂದ ಕೇಳಿ ಕೇಳಿ ಈ ಉತ್ತರ ಕಲಿತಳು. ನಮಗೂ ಅವಳಿಗೂ ಒಂದೇ ವ್ಯತ್ಯಾಸ. ಆ ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಜನರಿಗೆ ಊರುಗಳ ಮೇಲೆ ಬಹಳ ಪ್ರೀತಿ, ಅದಕ್ಕೇ ಕೇಳುತ್ತಾರೆ ಎಂದುಕೊಂಡಿದ್ದಳು.

ಹೀಗಿರುವಾಗ ಮೆರವಣಿಗೆಗೆ ಪೂರ್ಣಕುಂಭ ಹೊರಲು ಹುಡುಗಿಯರನ್ನು ಆರಿಸಲು ನಿರ್ಮಲಮ್ಮನವರು ಶಾಲೆಗೆ ಹೋದರು. ನನ್ನ ಮಗಳನ್ನೂ ಕೇಳಿದರು, ಯಾವ ಕಡೆಯೋರಮ್ಮ ನೀವು ಎಂದು. ಅವಳು ಖುಷಿಯಿಂದ ಜಗಳೂರು ಕಡೆಯೋರು ಎಂದಳು, ಆಯ್ಕೆಯೂ ಆದಳು. ಪ್ಲಾಸ್ಟಿಕ್ ಕೊಡ ತಲೆ ಮೇಲಿಟ್ಟುಕೊಂಡು ನಡುಮನೆಯಲ್ಲೂ ನಮ್ಮ ಓಣಿಯಲ್ಲೂ ಅವಳು ನಡೆದದ್ದೇ ನಡೆದದ್ದು. ಮಳೆಗಾಲದಲ್ಲೂ ಮನೆಯ ಒಳಗೆ ಅಷ್ಟು ನೀರು ಚೆಲ್ಲಿರಲಿಲ್ಲ.

ಮೆರವಣಿಗೆಯ ದಿನ ಬೆಳಿಗ್ಗೆ ಮಗಳು ಮರೆತು ಹೋದ ಹೇರ್‌ಪಿನ್ ಕೊಡಲು ಓಬವ್ವ ಮೆರವಣಿಗೆ ಹೊರಡುವ ಜಾಗಕ್ಕೆ ಹೋಗಿದ್ದಾಳೆ. ಅಲ್ಲಿ ಜಗಳೂರಿನಿಂದ ಇಲ್ಲಿಗೆ ಮದುವೆಯಾಗಿ ಬಂದ ಒಬ್ಬ ತಾಯಿ ಅವಳನ್ನು ಗುರುತು ಹಿಡಿದರು. ಬಿಳಿಚೋಡಿನ ಊರಹೊರಗಿನ ಕೇರಿಯವಳಲ್ಲವೇನೇ ನೀನು ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಹೌದು ಅಂದಳು. ಇನ್ನೇನು ಅಂದಾಳು? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಯಾವತ್ತೋ ಒಂದು ದಿನ ತಿಳಿಯಲೇಬೇಕಿತ್ತು.

ನಿರ್ಮಲಮ್ಮನವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಇದನ್ನು ಈ ಸಭೆಯಲ್ಲಿ ನಾನು ಹೇಳಲೇಬೇಕು. ಮಗಳ ಗಲ್ಲ ಸವರಿ ಅವರು ಹೇಳಿದ್ದು ಇಷ್ಟು: ‘ಬಿಸಿಲು ಭಾಳ ಐತೆ ಮಗಾ, ನಿಂಗೆ ಕೊಡ ಭಾರ ಆಗ್ತೈತೆ. ತಗಾ, ನಾಯಕರ ಫೋಟೋ ಹಿಡ್ಕ. ಎಲ್ಲರಿಗಿಂತ ಮುಂದೆ ನೀನೇ.’ ಮೋಸಂಬಿ ಜ್ಯೂಸನ್ನೂ ಕುಡಿಸಿದರಂತೆ. ತಲೆ ತಗ್ಗಿಸಬೇಡಿ ತಾಯಿ, ನಾನು ದೂರು ಹೇಳುತ್ತಿಲ್ಲ. ಅಷ್ಟು ಮೃದುವಾಗಿ ನಮ್ಮಪ್ಪನನ್ನು ಯಾರೂ ಪಕ್ಕಕ್ಕೆ ಸರಿಸಿರಲಿಲ್ಲ. ದೇಶ ಮುಂದುವರಿದಿದೆ.

ಆ ಕೊಡದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದರು. ಹುಣಿಸೆಹಣ್ಣು ಹಚ್ಚಿ ಕೊಡ ಬೆಳಗಿದರು, ಹೊಸ ನೀರು ತುಂಬಿ ಇನ್ನೊಂದು ಹುಡುಗಿಯ ತಲೆಗೆ ಇಟ್ಟರು. ನನ್ನ ಮಗಳು ಫೋಟೋ ಹಿಡಿದುಕೊಂಡು ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ಪೇಪರಿನವರು ನಗು ಎಂದರು, ನಕ್ಕಳು. ಆ ರಾತ್ರಿ ಡ್ಯೂಟಿಯ ಮೇಲಿದ್ದ ನಾನು ಇದೇನೂ ತಿಳಿಯದೆ ಮಾರನೇ ದಿನ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ನೋಡಿ ಕುಣಿದಾಡಿದೆ, ಹತ್ತಿದವರಿಗೆ ಇಳಿದವರಿಗೆ ಎಲ್ಲ ತೋರಿಸಿದೆ. ಮನೆಗೆ ಬಂದರೆ ಮಗಳು ಊಟ ಬಿಟ್ಟು ಕುಳಿತಿದ್ದಾಳೆ. ಫೋಟೋ ಮುಟ್ಟಬಹುದು, ನೀರು ಯಾಕೆ ಮುಟ್ಟಬಾರದು ಅಪ್ಪಾ ಎಂದಳು. ತೋರಿಸಲೆಂದು ತಂದಿದ್ದ ಪೇಪರನ್ನು ಮಡಿಚಿ ಟಿಕೆಟ್ ಚೀಲಕ್ಕೆ ಹಾಕಿದೆ.

ನಿರೂಪಕರು ಚೀಟಿ ಕಳಿಸಿದ್ದಾರೆ, ಮುಗಿಸಿ ಅಂತ. ಮುಗಿಸುತ್ತೇನೆ ಸ್ವಾಮಿ, ಕೊನೇ ಸ್ಟಾಪು ಬಂತು.

ಹೋದ ಭಾನುವಾರ ನಮ್ಮ ಪಕ್ಕದ ಮನೆಗೆ ಹೊಸ ಬಾಡಿಗೆಯವರು ಬಂದರು. ಸಾಮಾನು ಇಳಿಸಿ ಸುಸ್ತಾಗಿ ಅವರ ಸಣ್ಣ ಹುಡುಗಿ ನಮ್ಮ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳಿತು. ನಾನು ಒಳಗೆ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಮಗಳು ಚೊಂಬು ತುಂಬಿಸಿಕೊಂಡು ಹೋಗುವುದು ಕಂಡಿತು. ಕೊಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

‘ಯಾವ ಕಡೆಯೋರು ನೀವು?’

‘ಬಸವಾಪಟ್ಟಣದ ಕಡೆಯೋರು ಅಕ್ಕಾ’ ಎಂದಿತು ಆ ಮಗು.

‘ಊರಲ್ಲ ನಾನು ಕೇಳಿದ್ದು’ ಎಂದಳು ನನ್ನ ಮಗಳು.

ಆ ಮಗು ಕಕ್ಕಾಬಿಕ್ಕಿಯಾಗಿ ಓಡಿ ಹೋಯಿತು. ಯಾಕೆ ಹಾಗೆ ಕೇಳಿದೆ ಎಂದು ನಾನು ಗದರಿದ್ದಕ್ಕೆ ಮಗಳಿಗೆ ಸಿಟ್ಟೂ ಬರಲಿಲ್ಲ. ‘ಮೊದ್ಲೇ ಕೇಳಾದು ಒಳ್ಳೇದಲ್ಲೇನಪ್ಪಾ? ಕೊಟ್ಟ ಮೇಲೆ ಅವ್ರು ಚೆಲ್ಲಿದ್ರೆ ನೋಡಾಕೆ ಆಗಲ್ಲ’ ಎಂದು ಆ ನೀರನ್ನು ತಾನೇ ಕುಡಿದಳು.

ಸಭಿಕರೇ, ಹೊಸ ನಾಯಕರಿಗೆ ಇನ್ನೂ ಹೆಚ್ಚು ಕಡಿಮೆ ಐದು ವರ್ಷ ಐತೆ. ರಸ್ತೆ ಆಗಬಹುದು, ರೈಲೂ ಬರಬಹುದು. ಆದರೆ ಅಷ್ಟರಲ್ಲಿ ನನ್ನ ಮಗಳು ಆ ಪ್ರಶ್ನೆಯನ್ನು ಮರೀತಾಳೆಯೇ? ಮರೀತಾಳೆ ಎಂದು ಹೇಳಲಿ ಅಂತಲೇ ನನ್ನನ್ನು ಈ ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಹೇಳಬೇಕೆಂದೇ ಮನೆಯಿಂದ ಹೊರಟಿದ್ದೆ. ಬಾಯಿ ಬರುತ್ತಿಲ್ಲ. ಕರೆದು ಕೂರಿಸಿ ಮರ್ಯಾದೆ ಮಾಡಿದ ನಿಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ.