ಬಾಗಿಲಲ್ಲೊಂದು ತೂತು

ಆ ಸಂಜೆ ಮಳೆ ಸುರಿದ ರಭಸಕ್ಕೆ ಗಾದಿಯಜ್ಜಿಯ ಅಂಗಡಿಯ ತಗಡಿನ ಸೂರು ಎಲ್ಲೆಂದರಲ್ಲಿ ಸೋರತೊಡಗಿತು. ಹಳೆಯ ಕುರ್ಚಿಗೆ ಹೊಸ ಬಟ್ಟೆ ಹಾಕಿಸಲು ಹೋಗಿದ್ದ ನಾನು, ಸಾಮಾನು ಸಾಗಿಸುವ ವ್ಯಾನಿನ ಡ್ರೈವರು, ಹಾಸಿಗೆ ಒಯ್ಯಲು ಬಂದಿದ್ದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಎಲ್ಲರೂ ಅಲ್ಲೇ ಸಿಕ್ಕಿಬಿದ್ದೆವು. ಅಜ್ಜಿ ಹತ್ತಿಯ ಮೂಟೆಗಳ ಮೇಲೆ ಟಾರ್ಪಾಲು ಎಳೆದು, "ಇಲ್ಲಿ ನಿಂತು ನೆನೆಯೋದು ಯಾವ ಭಾಗ್ಯಕ್ಕೆ, ಬನ್ನಿ" ಎಂದು ನಮ್ಮನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಇಟ್ಟಿಗೆಗಳ ಆಸರೆಯ ಮೇಲೆ ಒಂದು ಗಾಲಿಮನೆ ನಿಂತಿತ್ತು. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವಂಥ, ಬಲು ಹಳೆಯ ಕಾಲದ ಕ್ಯಾರವಾನ್.

ಒಳಗೆ ಕಾಲಿಟ್ಟವರೆಲ್ಲ ಸುತ್ತಲೂ ಕಣ್ಣಾಡಿಸಿದೆವು. ಎರಡು ಬದಿಗೆ ಮೆತ್ತೆ ಹಾಸಿದ ಬೆಂಚು, ಗೋಡೆಗೆ ಮಡಿಚಿಡುವ ಮೇಜು, ಮೂಲೆಯಲ್ಲಿ ಪುಟ್ಟ ಒಲೆ, ಎಲ್ಲಿ ಕೈಯಿಟ್ಟರೂ ಬೆಣ್ಣೆಯಂತೆ ಜಾರುವ ಮರ. ಅಂಥ ಕೆಲಸದ ನಡುವೆ ಬಾಗಿಲಿನಲ್ಲಿ ಮಾತ್ರ, ಸೊಂಟದ ಎತ್ತರಕ್ಕೆ, ಕೈ ತೂರುವಷ್ಟು ಒಂದು ತೂತು. ಇಲಿ ಕಚ್ಚಿದಂಥ ಒರಟು ಅಂಚು. ಮಳೆಯ ಎರಚಲು ಅದರಿಂದ ನೇರವಾಗಿ ಒಳಗೆ ಬರುತ್ತಿತ್ತು.

"ಇಷ್ಟು ಚೆಂದದ ಮನೆಗೆ ಇದೊಂದು ದೃಷ್ಟಿಬೊಟ್ಟಾ ಅಜ್ಜಿ? ಒಂದು ತುಂಡು ಹಲಗೆ ಕೊಡಿ, ನಾನೇ ಮುಚ್ಚಿಕೊಡ್ತೀನಿ" ಎಂದ ಹೊಸ ಗಂಡ, ಕೈಗೆ ಸಿಕ್ಕ ಬಟ್ಟೆಯ ಚೂರನ್ನು ಉಂಡೆ ಮಾಡಿ ತೂತಿಗೆ ಬಿಗಿಯಾಗಿ ತುರುಕಿದ. ಅಜ್ಜಿ ಚಹಾ ಸೋಸುತ್ತಾ ಅವನ ಹೆಂಡತಿಯನ್ನು ಸಕ್ಕರೆ ಎಷ್ಟು ಎಂದು ಕೇಳಿದಳು. "ಅವಳಿಗೆ ಸಕ್ಕರೆ ಆಗಲ್ಲ" ಎಂದ ಗಂಡ. ಚಳಿಯಾಗ್ತಿದೆಯೇನಮ್ಮ ಎಂದು ಕೇಳಿದಳು. "ಏನಿಲ್ಲ, ಅವಳಿಗೆ ಅಭ್ಯಾಸ" ಎಂದ ಗಂಡ. ಅಜ್ಜಿ ಅವನನ್ನೊಮ್ಮೆ, ಆ ತೂತನ್ನೊಮ್ಮೆ ನೋಡಿ, ಲೋಟಗಳನ್ನು ಹಂಚಿ, ಬೆಂಚಿನ ಮೇಲೆ ಕಾಲು ಮಡಚಿ ಕೂತು ಹೇಳತೊಡಗಿದಳು.

ಮುಚ್ಚಿದ್ದೀಯಾ? ಇರಲಿ ಬಿಡಪ್ಪ, ಕೈಯಾಡಿಸಬೇಡ. ನನ್ನ ಕತೆ ಮುಗಿಯೋ ತನಕ ಅದು ಅಲ್ಲೇ ಇದ್ರೆ ನೋಡೋಣ...

ಈ ಗಾಲಿಮನೇನ ಈ ರೂಪಕ್ಕೆ ತಂದೋನು ನನ್ನ ಬೆನ್ನಿಗೆ ಬಿದ್ದ ತಮ್ಮ. ಅವನ ಮೇಲೆ ನನಗೆ ಇವತ್ತಿಗೂ ಹೊಟ್ಟೇಲಿ ಉರಿ ಇದೆ, ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮುದುಕಿ ಸತ್ತೋನ ಮೇಲೆ ಕೆಂಡ ಕಾರ್ತಾಳೆ ಅನ್ನಬೇಡಿ. ಕೆಟ್ಟೋನಲ್ಲ ಅವನು. ಕುಡೀತಿರಲಿಲ್ಲ, ಹೊಡೀತಿರಲಿಲ್ಲ, ಹೆಂಡತಿ ಮುಂದೆ ದನಿ ಎತ್ತಿದೋನಲ್ಲ. ಕೆಟ್ಟೋನಾಗಿದ್ರೆ ನಾಲ್ಕು ಬೈದು ಮರೀತಿದ್ದೆ... ಅವನಿಗಿದ್ದದ್ದು ಹಳೇ ವಸ್ತುಗಳ ಹುಚ್ಚು. ಒಂದು ವಸ್ತು ಹುಟ್ಟಿದ ದಿನ ಹೇಗಿತ್ತೋ ಹಾಗೇ ಇರಬೇಕು, ನಡುವೆ ಯಾರೋ ಒಂದು ಮೊಳೆ ಹೊಡೆದಿದ್ರೂ ಅದನ್ನ ಕಿತ್ತು ಎಸೀಬೇಕು. ಆ ನಡುವೆ ಬಂದೋರು ಯಾಕೆ ಹೊಡೆದ್ರು, ಅವರಿಗೇನು ಕಷ್ಟ ಇತ್ತು, ಅಂತ ಒಂದು ಸಲನಾದ್ರೂ ಯೋಚನೆ ಮಾಡಬೇಕೋ ಬೇಡವೋ?

ಗುಜರಿಯವನ ಹತ್ರ ಇದು ಕೋಳಿಗೂಡಾಗಿ ಬಿದ್ದಿತ್ತು. ತಮ್ಮ ಎಳ್ಕೊಂಡು ಬಂದ. ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯೋ ಕೋಣೇಲಿ ಕೆಲಸಕ್ಕಿದ್ಲು, ಕಿಟಕಿ ಇಲ್ಲದ ಕೋಣೆ, ಬೆಳಗಿಂದ ಸಂಜೆವರೆಗೆ ಆವಿ, ಸೋಪಿನ ವಾಸನೆ. ಈ ಡಬ್ಬಿ ನೋಡಿ ಅವಳ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಅತ್ತಿಗೆ, ಇದು ರೆಡಿ ಆದ ದಿನ ನಾವು ಹೊರಟುಬಿಡ್ತೀವಿ. ಬೆಳಿಗ್ಗೆ ಬಾಗಿಲು ತೆಗೆದ್ರೆ ದಿನಾ ಒಂದು ಹೊಸ ಊರು ಕಾಣಬೇಕು" ಅಂತಿದ್ಲು. ರಜೆ ದಿನಗಳೆಲ್ಲ ಇಲ್ಲೇ. ಹಳೇ ಬಣ್ಣ ಕೆರೆದು ಕೆರೆದು ಅವಳ ಬೆರಳ ತುದಿ ಸುಲಿದುಹೋಗಿತ್ತು. ಈಗ ನೀವು ಕೂತಿರೋ ಮೆತ್ತೆ ಹೊಲಿದೋಳು ನಾನು, ಆದ್ರೆ ನೀವು ಸವರ್ತಾ ಇದ್ದೀರಲ್ಲ, ಆ ಮರ... ಅದರ ಅರ್ಧ ನುಣುಪು ಅವಳದ್ದು.

ಬಂದಾಗ ಬಾಗಿಲಿಗೆ ಒಳಗಡೆ ಒಂದು ಅಗ್ಗದ ಚಿಲಕ ಇತ್ತು, ಪಕ್ಕದಲ್ಲಿ ಒಂದು ತಗಡಿನ ಪಟ್ಟಿ ಬಡಿದಿದ್ರು. ಇದು ಹುಟ್ಟಿನಲ್ಲಿ ಇದ್ದದ್ದಲ್ಲ ಅಂತ ತಮ್ಮ ಎರಡನ್ನೂ ಕಿತ್ತ. ತಗಡಿನ ಹಿಂದೆ ಏನಿತ್ತು? ಈ ತೂತು. ಯಾವನೋ ದರಿದ್ರದೋನು ಹಾಳು ಮಾಡಿದ್ದಾನೆ ಅಂತ ಗೊಣಗಿ, ಅದೇ ಜಾತಿ ಮರ ಹುಡುಕಿ ತಂದು, ಎಳೆಗೆ ಎಳೆ ಸೇರಿಸಿ ಮುಚ್ಚಿದ. ಕಣ್ಣಿಗೆ ಕಾಣದ ಹಾಗೆ ಮುಚ್ಚಿದ. ಕೆಲಸಗಾರ ಹೌದು, ಅದನ್ನ ಇಲ್ಲ ಅನ್ನಲ್ಲ.

ಮಾರನೇ ದಿನ ಬೆಳಿಗ್ಗೆ ಬಾಗಿಲ ಕೆಳಗೆ ಒಂದು ಚಿಟಿಕೆ ಮರದ ಪುಡಿ.

ಗುಡಿಸಿದ್ದು ಸಾಲದು ಅಂತ ಹೆಂಡತಿಗೆ ಹೇಳಿದ. ಗುಡಿಸಿದ್ಲು. ಮತ್ತೆ ಬೆಳಿಗ್ಗೆ ಪುಡಿ. ಗೆದ್ದಲು ಅಂದ, ಎಣ್ಣೆ ಹೊಡೆದ. ಇಲಿ ಅಂದ, ಪಾಷಾಣ ಇಟ್ಟ. ಪುಡಿ ನಿಲ್ಲಲಿಲ್ಲ. ಅವಳೇ ಒಂದು ದಿನ ಬಾಗಿಲ ಮುಂದೆ ಮಂಡಿಯೂರಿ ಕೂತು ನೋಡಿ ಹೇಳಿದ್ಲು: "ರೀ, ಇದು ಹಲ್ಲಿನ ಗುರುತಲ್ಲ. ಚಾಕುವಿನದ್ದು. ಅದೂ ಒಳಗಡೆಯಿಂದ." ಇವನು ನಕ್ಕ. ಬೀಗ ಹಾಕಿದ ಡಬ್ಬಿ ಒಳಗೆ ಚಾಕು ಹಿಡ್ಕೊಂಡು ಯಾರು ಕೂತಿರ್ತಾರೆ ಹೇಳು ಅಂದ... ಹೌದಲ್ಲ, ಯಾರು ಕೂತಿರ್ತಾರೆ?

ಕೊನೆಗೆ, ಇದನ್ನ ಕಟ್ಟಿದೋನನ್ನೇ ಹುಡುಕಬೇಕು, ಮರಕ್ಕೆ ಏನು ಹಚ್ಚಿದ್ದ ಅಂತ ಕೇಳಬೇಕು ಅಂತ ಹಟ ಹಿಡಿದ. ಹೆಸರಿಲ್ಲ, ವಿಳಾಸ ಇಲ್ಲ. ಈ ಬೆಂಚಿನ ಹಲಗೆ ಅಡಿಯಲ್ಲಿ ಒಂದು ಪುಟ್ಟ ಎಲೆ ಕೆತ್ತಿದ್ದ, ಅಷ್ಟೇ. ಆ ಎಲೇನ ನಾನು ನೋಡಿದ್ದೆ. ನನ್ನ ಹತ್ರ ಬಟ್ಟೆ ಬದಲಾಯಿಸೋಕೆ ಬಂದಿದ್ದ ಒಂದು ಕುರ್ಚಿಯ ಹೊಟ್ಟೆ ಕೆಳಗೆ. ಕುರ್ಚಿಯವರನ್ನ ಕೇಳಿದ್ವಿ, ಅವರು ಒಂದು ಪೀಠೋಪಕರಣದ ಅಂಗಡಿ ತೋರಿಸಿದ್ರು, ಅಂಗಡಿ ಹಿಂದಿನ ಕೋಣೇಲಿ ಅವನು ಇನ್ನೂ ಬದುಕಿದ್ದ. ಹಣ್ಣು ಹಣ್ಣು ಮುದುಕ. ಎಲ್ಲರೂ ಯಜಮಾನ್ರು, ಯಜಮಾನ್ರು ಅಂತ ಕಾಲಿಗೆ ಬೀಳೋದೊಂದು ಬಾಕಿ.

ನನ್ನ ತಮ್ಮನೂ ಬೀಳೋದೊಂದು ಬಾಕಿ. ಗಂಡಸರು ಒಂದು ಕೀಲಿನ ಬಗ್ಗೆ ಹೊತ್ತು ಮುಳುಗೋವರೆಗೆ ಮಾತಾಡ್ತಾರೆ ಕಣ್ರೀ, ಮನೇಲಿ ಹೆಂಡತಿ ಕೇಳಿದ್ದಕ್ಕೆ ಒಂದು ಹೂಂ ಅನ್ನೋಕೆ ಬಾಯಿ ನೋಯುತ್ತೆ. ಮಾತಿನ ನಡುವೆ ತಮ್ಮ ಬಾಗಿಲ ತೂತಿನ ವಿಷಯ ತೆಗೆದ. ಮುದುಕ ನಿಟ್ಟುಸಿರು ಬಿಟ್ಟ. "ಅದು ನನ್ನ ಹೆಂಡತಿ ಕೆಲಸ. ಒಳ್ಳೇ ಹಲಗೆ, ಹಾಳು ಮಾಡಿದ್ಲು" ಅಂದ. ಅವಳು ಹೇಳದೆ ಕೇಳದೆ ಎದ್ದು ಹೋಗೋಳಂತೆ. ತವರಿಗೆ ಅಂತೆ, ಪಕ್ಕದ ಬೀದಿಗೆ ಅಂತೆ. ಅದಕ್ಕೇ ಇದನ್ನ ಕಟ್ಟಿದ್ದು. ಕಿಟಕಿ ನೋಡಿ, ಬೆಳಕು ಬರುತ್ತೆ, ತೆಗೆಯೋಕಾಗಲ್ಲ. ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ. ಊರೂರಿಗೆ ಕೆಲಸಕ್ಕೆ ಹೋಗೋವಾಗ ಜೊತೇಲೇ ಎಳ್ಕೊಂಡು ಹೋಗೋದು, ಬೆಳಿಗ್ಗೆ ಚಿಲಕ ಹಾಕೋದು, ಸಂಜೆ ತೆಗೆಯೋದು. ಅವಳು ತರಕಾರಿ ಹೆಚ್ಚೋ ಚಾಕುವಲ್ಲಿ ದಿನಾ ಅಷ್ಟಷ್ಟು ಕೊರೆದು, ಮೇಲೆ ಒಂದು ಬಟ್ಟೆ ನೇತುಹಾಕಿ ಮುಚ್ಚಿಟ್ಟಿದ್ಲು. ಕೈ ತೂರಿಸಿ ಚಿಲಕ ಎತ್ತೋಷ್ಟು ಆಗೋ ಹೊತ್ತಿಗೆ ಇವನ ಕಣ್ಣಿಗೆ ಬಿತ್ತು. ಹೊಸ ಹಲಗೆ ಬಡಿದು ಮುಚ್ಚಿದ.

"ಆಮೇಲೆ?" ಅಂತ ಕೇಳಿದೋಳು ನಾನು.

"ಆಮೇಲೆ ಬೇಸಿಗೆ ಬಂತು" ಅಂದ. "ಒಂದು ಛಾವಣಿ ಕೆಲಸ ತಡವಾಯ್ತು. ಸಂಜೆ ಚಿಲಕ ತೆಗೆಯೋಕೆ ಬರೋಕಾಗಲಿಲ್ಲ."

ಅಷ್ಟೇ ಅಂದದ್ದು. ಲೋಟದಲ್ಲಿ ನೀರು ಕುಡಿದ, ಬಾಯಿ ಒರೆಸಿಕೊಂಡ. ನನಗೆ ಕೂತ ಜಾಗ ಮುಳ್ಳಾಯ್ತು. ಎದ್ದು ಹೊರಡೋವಾಗ ಮುದುಕನೇ ಹುಬ್ಬು ಗಂಟು ಹಾಕಿ ಕೇಳಿದ: "ಅಲ್ಲ, ನಾನು ಮುಚ್ಚಿದ್ದೆ, ಮುಚ್ಚಿದ ಹಾಗೇ ಮಾರಿದ್ದೆ. ಅವಳೂ ಇರಲಿಲ್ಲ. ಮತ್ತೆ ನಿಮಗೆ ತೂತು ಎಲ್ಲಿಂದ ಕಾಣಿಸ್ತು?"

ನನ್ನ ತಮ್ಮನಿಗೆ ಆ ಮಾತು ಕಿವಿಗೆ ಬೀಳಲೇ ಇಲ್ಲ. ಯಾಕಂದ್ರೆ ಮುದುಕ ಒಂದು ಡಬ್ಬಿಯಿಂದ ಹಿತ್ತಾಳೆ ಚಿಲಕ ತೆಗೆದು ಅವನ ಕೈಲಿಟ್ಟಿದ್ದ. ಹುಟ್ಟಿನ ಚಿಲಕ! ಹೊರಗಡೆ ಹಾಕೋದು! ಹಸುಗೂಸು ಎತ್ಕೊಂಡ ಹಾಗೆ ಎದೆಗೆ ಒತ್ತಿಕೊಂಡು ಮನೆಗೆ ತಂದ.

ತಮ್ಮನ ಹೆಂಡತಿಗೆ ನಾನೇ ಎಲ್ಲಾ ಹೇಳಿದೆ. ಅವಳು ಅಳಲಿಲ್ಲ, ಕಿರುಚಲಿಲ್ಲ. ಗಂಡನ ಹತ್ರ ಹೋಗಿ ಒಂದೇ ಒಂದು ಮಾತು ಕೇಳಿದ್ಲು. "ಹೊರಗೆ ಏನು ಬೇಕಾದ್ರೂ ಹಾಕಿ. ಒಳಗಡೆಗೂ ಒಂದು ಚಿಲಕ ಹಾಕಿ. ಆ ತೂತು ಬಿಟ್ಟುಬಿಡಿ." ಅವನು ಏನಂದ? "ಒಳಗೆ ಹಾಕಿದ್ರೆ ಅದು ಅಸಲಿ ಆಗಲ್ಲ ಕಣೇ. ಕಟ್ಟಿದೋರೇ ಬೇಡ ಅಂತ ಬಿಟ್ಟಿದ್ದಾರೆ. ನಾನೇನು ನಿನ್ನ ಕೂಡಿಹಾಕ್ತೀನಾ?" ಅವಳು, "ಹಾಕಲ್ಲ, ಗೊತ್ತು. ಆದ್ರೂ ಹಾಕಿ, ನನಗೋಸ್ಕರ" ಅಂದ್ಲು. ಒಳಗಡೆ ಚಿಲಕ ಇಲ್ಲದೆ ನಾನು ಇದರಲ್ಲಿ ಒಂದು ಮೈಲಿನೂ ಬರಲ್ಲ ಅಂದ್ಲು. ನೋಡೋಣ ಬಿಡು ಅಂದ. ಆ ನೋಡೋಣ ಅನ್ನೋ ಮಾತಿದೆಯಲ್ಲ... ಅದಕ್ಕಿಂತ ನೇರವಾಗಿ ಇಲ್ಲ ಅಂದಿದ್ರೆ ವಾಸಿ.

ಕೆಲಸ ಮುಗಿದ ದಿನ ಅಂಗಳದಲ್ಲಿ ಹತ್ತಾರು ಜನ ಸೇರಿದ್ರು. ಹಾಡಹಗಲು, ಮೋಡ ಮುಚ್ಚಿ ತಣ್ಣಗಿದ್ದ ಹೊತ್ತು. ಯಜಮಾನ್ರನ್ನ ಕಾರಲ್ಲಿ ಕರೆಸಿದ್ದ. ಮುದುಕ ಕೋಲೂರಿಕೊಂಡು ಸುತ್ತಲೂ ಸವರಿ ಸವರಿ ನೋಡಿದ. ಹೊರಗಡೆಯ ಹಿತ್ತಾಳೆ ಚಿಲಕ ಎತ್ತಿ ಇಳಿಸಿ ನಕ್ಕ. ಬಾಗಿಲ ತೇಪೆ ಎಲ್ಲಿದೆ ಅಂತ ಅವನಿಗೂ ತಿಳಿಯಲಿಲ್ಲ. "ಈಗ ನೋಡು, ನಾನು ಮಾಡಿದ ಹಾಗೇ ಇದೆ" ಅಂತ ತಮ್ಮನ ಬೆನ್ನು ತಟ್ಟಿ, ಒಬ್ಬನೇ ಒಳಗೆ ಹೋದ.

ಬಾಗಿಲು ಮುಚ್ಚಿಕೊಳ್ತು. ಗಾಳಿ ಇರಲಿಲ್ಲ.

ನಾವು ಕಾದ್ವಿ. ಎಷ್ಟು ಹೊತ್ತಾದ್ರೂ ಬರಲಿಲ್ಲ ಅಂತ ತಮ್ಮ ಹೋಗಿ ಎಳೆದ. ಹೊರಗಿನ ಚಿಲಕ ಬಿದ್ದಿರಲೇ ಇಲ್ಲ, ತೆಗೆದೇ ಇತ್ತು. ಬಾಗಿಲು ಮಾತ್ರ ಬರಲಿಲ್ಲ. ಒಳಗಿಂದ ಯಾರೋ ಅಗುಳಿ ಹಾಕಿದ ಹಾಗೆ ಬಿಗಿ. ಒಳಗಡೆ ಏನಿದೆ ಹಾಕೋಕೆ? ಬೋಳು ಮರ! ಇವನೇ ಕಿತ್ತು ಹಾಕಿದ್ದ!

ಒಳಗೆ ಮುದುಕನ ದನಿ ಕೇಳಿಸ್ತು. ಮೊದಲು ಗದರಿದ. "ಏಯ್, ತೆಗಿ. ಹಟ ಮಾಡಬೇಡ." ನಮಗಲ್ಲ ಹೇಳಿದ್ದು... ಆಮೇಲೆ ದನಿ ಸಣ್ಣಗಾಯ್ತು. "ಬಾ, ಕೂತ್ಕೋ. ಸೆಕೆ ಆಗ್ತಿದೆ ನೋಡು. ಒಂಚೂರು ಬಾಗಿಲು ತೆಗಿ, ಮಾತಾಡೋಣ." ಆಮೇಲೆ ಮಾತಿಲ್ಲ, ಬಾಗಿಲು ಬಡಿಯೋ ಸದ್ದು. ಅದರ ಜೊತೆಗೇ ಇನ್ನೊಂದು ಸದ್ದು, ಸಣ್ಣಗೆ, ಅವಸರವಿಲ್ಲದೆ. ಕರ್... ಕರ್... ಕರ್... ಮರ ಕೊರೆಯೋದು.

ನನ್ನ ತಮ್ಮ ಏನು ಮಾಡ್ತಿದ್ದ ಗೊತ್ತಾ? ಪೆಟ್ಟಿಗೆ ಕೆದಕ್ತಿದ್ದ. ಕೀಲಿನ ಹಳೇ ತಿರುಪುಗಳಿಗೆ ಸರಿಹೊಂದೋ ಸ್ಕ್ರೂಡ್ರೈವರ್ ಹುಡುಕ್ತಿದ್ದ! ಅವನ ಹೆಂಡತಿ ಕೊಡಲಿ ತಂದ್ಲು. ಅವನು ಓಡಿ ಬಂದು ಅವಳ ಕೈ ಹಿಡ್ಕೊಂಡ. "ಬೇಡ ಕಣೇ, ಒಂದು ನಿಮಿಷ ತಡಿ! ಆ ಬಾಗಿಲು ಮತ್ತೆ ಸಿಗಲ್ಲ!"

ಬಡಿಯೋದು ನಿಂತದ್ದು ಆಗಲೇ.

ಅವಳು ಅವನನ್ನ ನೋಡಿದ್ಲು. ಕೈ ಕೊಡವಿಕೊಂಡು ಕೊಡಲಿ ಎತ್ತಿದ್ಲು. ಸರಿಯಾಗಿ ಆ ತೇಪೆ ಮೇಲೆ ಬಿತ್ತು ಏಟು, ಮರದ ತುಂಡು ಹೊರಗೆ ಹಾರಿತು, ಬಾಗಿಲು ತಾನಾಗೇ ತೆರೆದುಕೊಳ್ತು. ಒಳಗಿಂದ ಬಂದ ಬಿಸಿ ಇದೆಯಲ್ಲ, ಬೇಕರಿ ಒಲೆ ಬಾಯಿ ತೆಗೆದ ಹಾಗೆ ಮುಖಕ್ಕೆ ರಾಚಿತು. ಮುದುಕ ನಾನು ಹೊಲಿದ ಮೆತ್ತೆ ಮೇಲೆ ಕೂತಿದ್ದ, ಬಟ್ಟೆಯೆಲ್ಲ ಬೆವರಲ್ಲಿ ತೊಯ್ದು ತೊಪ್ಪೆ, ತುಟಿ ಒಡೆದು ಬಿರುಕು. ಹೊರಗೆ ನಾವೆಲ್ಲ ಚಳಿಗೆ ಶಾಲು ಹೊದ್ದಿದ್ವಿ. ಡಾಕ್ಟರು ಎದೆ ನಿಂತಿದೆ ಅಂದ್ರು. ನಿಲ್ಲದೆ ಇನ್ನೇನು?

ಅವಳು ಅವತ್ತೇ ಹೊರಟ್ಲು. ಒಂದು ಚೀಲ, ಅಷ್ಟೇ. ಅವನು ಬಾಗಿಲಿಗೆ ಅಡ್ಡ ನಿಂತು ಯಾಕೆ, ನಾನೇನು ಮಾಡಿದೆ ಅಂದ. ಅವಳು ಅಂದ್ಲು: "ನಾನು ಒಳಗಿದ್ದಿದ್ರೂ ನೀವು ಸ್ಕ್ರೂಡ್ರೈವರೇ ಹುಡುಕ್ತಿದ್ರಿ." ಅವನು ಇಲ್ಲ ಅನ್ನೋಕೆ ಬಾಯಿ ತೆಗೆದ. ಅಕ್ಕ ನಾನು, ಪಕ್ಕದಲ್ಲೇ ನಿಂತಿದ್ದೆ, ಮಾತು ಬರುತ್ತೇನೋ ಅಂತ ಕಾದೆ. ಬರಲಿಲ್ಲ.

ಆಮೇಲೂ ಬುದ್ಧಿ ಬಂತು ಅಂದ್ಕೊಂಡ್ರಾ? ಮತ್ತೆ ಅದೇ ಮರ ತಂದು ಮುಚ್ಚಿದ. ಬೆಳಿಗ್ಗೆ ಪುಡಿ. ಮತ್ತೆ ಮುಚ್ಚಿದ. ಸಾಯೋವರೆಗೂ ಅದೇ ಕಸುಬು. ಅವನ ಕೈಗೆ ಬಂದ ಮೇಲೆ ಈ ಗಾಲಿಮನೆ ಒಂದು ಊರನ್ನೂ ನೋಡಲಿಲ್ಲ. ಅವನು ಹೋದ ಮೇಲೆ ನನ್ನ ಪಾಲಿಗೆ ಬಂತು. ನಾನು ಹಿತ್ತಾಳೆ ಚಿಲಕ ಕಿತ್ತು ಬಾವಿಗೆ ಎಸೆದೆ. ತೂತು ಹೇಗಿದೆಯೋ ಹಾಗೇ ಬಿಟ್ಟೆ. ಒಳಗಿರೋಳು ನನಗೇನೂ ಮಾಡಿಲ್ಲ...

ಅಜ್ಜಿ ಮಾತು ನಿಲ್ಲಿಸಿ ಬಾಗಿಲ ಕಡೆ ಗಲ್ಲ ಎತ್ತಿದಳು. ನಾವೆಲ್ಲ ತಿರುಗಿದೆವು. ತೂತು ತೆರೆದಿತ್ತು. ಗಾಳಿ ಮಳೆಯನ್ನು ಒಳಕ್ಕೇ ಎರಚುತ್ತಿತ್ತು. ಆದರೆ ತುರುಕಿದ್ದ ಬಟ್ಟೆಯ ಉಂಡೆ ಒಳಗೆಲ್ಲೂ ಇರಲಿಲ್ಲ. ಡ್ರೈವರು ಬಗ್ಗಿ ತೂತಿನಿಂದ ನೋಡಿ ಹಿಂದೆ ಸರಿದ. ನಾನೂ ನೋಡಿದೆ. ಅದು ಹೊರಗೆ, ಮೆಟ್ಟಿಲ ಮೇಲೆ, ಮಳೆಯಲ್ಲಿ ಬಿದ್ದಿತ್ತು. ಬಾಗಿಲ ಬುಡದಲ್ಲಿ, ಎರಚಲು ತಾಕದ ಮೂಲೆಯಲ್ಲಿ, ಬೆಳ್ಳಗೆ ಒಂದು ಚಿಟಿಕೆ ಮರದ ಪುಡಿ.

ಅಜ್ಜಿ ಆ ಹುಡುಗಿಯ ಕಡೆ ತಿರುಗಿದಳು.

"ಮಗಳೇ, ನಿಮ್ಮನೇಲಿ ಬಾಗಿಲಿಗೆ ಚಿಲಕ ಒಳಗಡೆಗೂ ಇದೆ ತಾನೇ?"

"ಇದೆ ಅಜ್ಜಿ, ನಾನು ಹೊರಗೆ ಹೋಗೋವಾಗ ಮಾತ್ರ..." ಎಂದು ಗಂಡ ಶುರುಮಾಡಿದ.

"ನಿನ್ನ ಕೇಳಲಿಲ್ಲಪ್ಪ."

ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಚಹಾ ಕುಡಿದಿರಲಿಲ್ಲ. ಅವಳು ಗಂಡನನ್ನು ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ಆ ತೂತನ್ನೇ ನೋಡುತ್ತಿದ್ದಳು. ಅಜ್ಜಿ ಎದ್ದು ಅವಳ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕಲಕಿದಳು.

"ಹೇಳದಿದ್ರೂ ಪರವಾಗಿಲ್ಲ. ಕೇಳಿಸಿಕೊಳ್ಳಬೇಕಾದೋಳು ಕೇಳಿಸಿಕೊಂಡಾಯ್ತು. ನಾಳೆ ಬೆಳಿಗ್ಗೆ ನಿಮ್ಮನೆ ಬಾಗಿಲ ಹತ್ರ ಗುಡಿಸೋವಾಗ ಕೆಳಗೆ ಸ್ವಲ್ಪ ನೋಡ್ಕೋ. ಪುಡಿ ಬಿದ್ದಿದ್ರೆ ಹೆದರಬೇಡ ಮಗಳೇ. ಹೆದರಬೇಕಾದೋಳು ನೀನಲ್ಲ."