ಗೋಡೆಗೆ ಕೊಡದ ಬುಟ್ಟಿ

ಚಳಿಗಾಲದ ಕರಕುಶಲ ಮೇಳದಲ್ಲಿ ಕೊಂಡ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಟೀ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಬುಟ್ಟಿ ಹೆಣೆಯುವ ಅತ್ತೆ, ಸೊಸೆ. ಇಬ್ಬರ ಕೊರಳಲ್ಲೂ ‘ಮೂಲನಿವಾಸಿ ಕುಶಲಕರ್ಮಿ’ ಎಂಬ ಬಿಲ್ಲೆ.

“ಬೆಳಿಗ್ಗೆಯಿಂದ ಎಷ್ಟು ಜನರನ್ನ ಓಡಿಸಿದ್ರಿ ಅತ್ತೆ?”

“ಓಡಿಸಿಲ್ಲ ಕಣೇ. ಬುಟ್ಟೀಲಿ ಏನು ಹಾಕ್ತೀರ ಅಂತ ಕೇಳ್ದೆ, ಅಷ್ಟೆ.”

“ಪಾಪ, ಆ ಮೇಡಂ ಗೋಡೆಗೆ ನೇತುಹಾಕ್ತೀನಿ ಅಂದಿದ್ದಕ್ಕೆ ಕೈಯಿಂದ ಕಿತ್ಕೊಂಡ್ರಲ್ಲ!”

“ಮತ್ತೆ? ನಮ್ಮಜ್ಜಿ ಕಾಲದಿಂದ ಕಾಡಲ್ಲಿ ಗೆಡ್ಡೆ ಹೊತ್ತ ವಂಶ ಅದು. ಗೋಡೆ ಮೇಲೆ ಕೂತು ಏನು ಮಾಡುತ್ತೆ, ನೊಣ ಹೊಡಿಯುತ್ತಾ?”

“ಅವರು ಅದನ್ನ ಕಲೆ ಅಂತಾರೆ.”

“ಮೊದಲು ತಳ ಸವೀಲಿ. ಆಮೇಲೆ ಏನು ಬೇಕಾದ್ರೂ ಅಂದ್ಕೊಳ್ಳಲಿ.”

“ಬೆಕ್ಕನ್ನ ಮಲಗಿಸ್ತೀನಿ ಅಂದವನಿಗೆ ಮಾತ್ರ ದೊಡ್ಡದನ್ನೇ ಆರಿಸಿ ಕೊಟ್ರಿ.”

“ಬೆಕ್ಕಿಗೂ ಚಳಿ ಆಗಲ್ವಾ?”

“ಹೋಗ್ಲಿ, ನೀವು ಬಿಸಿಲು ಕಾಯಿಸ್ಕೊಳ್ಳೋಕೆ ಹೋದಾಗ ನಾನೂ ಒಂದು ಮಾರಿದೆ.”

“ಹೌದಾ? ಅವರು ಏನು ಹಾಕ್ತಾರಂತೆ?”

ಸೊಸೆ ತಡವರಿಸಿದಳು. ಹಿಂದೆ ತಿರುಗಿ ನನ್ನ ಕೈಯ ಬುಟ್ಟಿಯನ್ನೂ ನನ್ನ ಮುಖವನ್ನೂ ನೋಡಿದಳು.

“ಈರುಳ್ಳಿ ಅತ್ತೆ. ಮೂರು ಕೆಜಿ. ಇವರೇ ತಗೊಂಡಿದ್ದು.”

ಅತ್ತೆಯ ಮುಖ ಅರಳಿತು.

“ಮೂರೇ ಯಾಕಪ್ಪ, ಐದು ಕೆಜಿ ತುಂಬಿಸು, ಹೊರುತ್ತೆ. ಒಳ್ಳೇ ಮನೆ ಸೇರ್ತು ಬಿಡೇ ಅದು.”

ಟೀ ಹಿಡಿದು ಇಬ್ಬರೂ ಮಳಿಗೆಯತ್ತ ನಡೆದರು. ನನ್ನ ಜೇಬಿನಲ್ಲಿ, ಆ ಬುಟ್ಟಿಯನ್ನು ನೇತುಹಾಕಲೆಂದೇ ಕೊಂಡಿದ್ದ ಮೊಳೆ ಚುಚ್ಚತೊಡಗಿತು.