ಮುದ್ರೆಯಿದ್ದ ಹಸಿರು ಗುಂಡಿ

೧. ಹೇಳಿಕೆದಾರ: ಕಚೇರಿ ವಲಯದಲ್ಲಿ ‘ಅರ್ಜಿ ಮೇಷ್ಟ್ರು’ ಎಂದೇ ಪರಿಚಿತ.
೨. ವಯಸ್ಸು: ಎಪ್ಪತ್ತನಾಲ್ಕು.
೩. ವೃತ್ತಿ: ನಲವತ್ತೊಂದು ವರ್ಷ ಅರ್ಜಿ ಬರಹಗಾರ; ಈಗ ವಿಶ್ರಾಂತ.
೪. ವಾಸ: ಅಂಚೆ ಕಚೇರಿಯ ಹಿಂದಿನ ಬೀದಿ, ಎರಡನೆಯ ಮಹಡಿ, ಅಕ್ಕನೊಡನೆ.
೫. ನಷ್ಟ: ಅಕ್ಕನ ದನಿ.

ಠಾಣಾಧಿಕಾರಿಗಳ ಅವಗಾಹನೆಗೆ ತರಬಯಸುವ ಸಂಗತಿ ಹೀಗಿದೆ. ನನ್ನ ಅಕ್ಕ ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದಿದವರು. ಮೂರು ಪ್ಲಾಟ್‌ಫಾರಂಗೂ ಕೇಳುವ ಕಂಠ. ಎರಡು ವರ್ಷದ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದಂದಿನಿಂದ ದನಿಯಿಲ್ಲ. ಸ್ಲೇಟಿನಲ್ಲಿ ಬರೆದು ಮಾತಾಡುತ್ತಾರೆ. ಅವರು ಓದಿದ ಇಪ್ಪತ್ತಾರು ಪ್ರಕಟಣೆಗಳ ಧ್ವನಿಮುದ್ರಣ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಬೇರೆ ಪ್ರತಿಯಿಲ್ಲ.

ಈ ತಿಂಗಳ ಒಂಬತ್ತರಂದು ಸಂಜೆ ನಾಲ್ಕಕ್ಕೆ ಅವನ್ನು ಕೇಳಲು ಕುಳಿತಾಗ, ದನಿ ಕೇಳಿಸಲು ಬೇಕಾದ, ಬ್ರೌಸರಿನ ಪ್ಲಗಿನ್ ಎಂಬ ಸಲಕರಣೆ ಹಳತಾಗಿದೆ ಎಂಬ ಒಕ್ಕಣೆಯ ಪುಟವೊಂದು ಪರದೆಯ ಮೇಲೆ ಬಂತು. ೪.೦೫ಕ್ಕೆ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಏನನ್ನೋ ಜಗಿಯುತ್ತಲೇ, ‘ಅಪ್‌ಡೇಟ್ ಅಂತ ಇರುತ್ತಲ್ಲ ಯಜಮಾನ್ರೇ, ಒತ್ತಿಬಿಡಿ’ ಎಂದು ಹೇಳಿ ಫೋನ್ ಇಟ್ಟನು. ಯಾವುದನ್ನು ಎಂದು ತಿಳಿಸುವಷ್ಟು ಸೌಜನ್ಯ ಆ ಮಹಾಶಯನಿಗೆ ಇರಲಿಲ್ಲ.

ಆ ಪುಟದಲ್ಲಿ ‘ಅಪ್‌ಡೇಟ್’ ಎಂದು ಬರೆದುಕೊಂಡವು ನಾಲ್ಕಿದ್ದವು. ಎರಡು ಮಿಣಮಿಣ ಮಿನುಗುತ್ತಿದ್ದವು. ಅಂಥವುಗಳ ಕಡೆ ನಾನು ಕಣ್ಣೆತ್ತಿಯೂ ನೋಡುವುದಿಲ್ಲ. ಮೂರನೆಯದು ಹಸಿರು ಗುಂಡಿ. ಅದಕ್ಕೆ ದುಂಡು ಮುದ್ರೆ, ಉಲ್ಲೇಖ ಸಂಖ್ಯೆ, ಅಂದಿನ ದಿನಾಂಕ, ಜೊತೆಗೆ ‘ತಮ್ಮ ಒಪ್ಪಿಗೆಯನ್ನು ದಯಪಾಲಿಸಬೇಕಾಗಿ ವಿನಂತಿ’ ಎಂಬ ಸಾಲು. ನಾಲ್ಕನೆಯದು ಪುಟದ ತಳದಲ್ಲಿ, ಇರುವೆಯಷ್ಟು ಸಣ್ಣ ಬೂದು ಅಕ್ಷರದಲ್ಲಿ. ಮುದ್ರೆ, ಸಂಖ್ಯೆ, ದಿನಾಂಕಗಳಿಲ್ಲದ ಕಾಗದವನ್ನು ನಲವತ್ತೊಂದು ವರ್ಷದಲ್ಲಿ ಮುಟ್ಟಿದವನಲ್ಲ ನಾನು. ೪.೧೨ಕ್ಕೆ ಹಸಿರು ಗುಂಡಿಯನ್ನು ಒತ್ತಿದೆ.

೪.೧೫ರ ಹೊತ್ತಿಗೆ ಸಕಲ ಕಡತಗಳ ಹೆಸರೂ ಗೋಜಲು ಅಕ್ಷರಗಳಾಗಿ, ಯಾವೊಂದೂ ತೆರೆಯದಾಯಿತು.

೫.೩೦ಕ್ಕೆ ರಿಪೇರಿಯವನು ಬಂದು, ‘ಅಯ್ಯೋ, ತಳದಲ್ಲಿದ್ದದ್ದೇ ಅಸಲಿ! ಇದು ಕಳ್ಳರು ಇಟ್ಟಿದ್ದು. ಇಷ್ಟು ಓದ್ಕೊಂಡೋರು ನೀವೇ ಹೀಗ್ ಮಾಡಿದ್ರೆ?’ ಎಂದು ನನಗೇ ಉಪದೇಶಿಸಿದನು. ಕಡತಗಳು ಮರಳಿ ಬರುವುದಿಲ್ಲವೆಂದೂ ತಿಳಿಸಿದನು. ಕಳ್ಳನಿಗಾದರೂ ಒಂದು ವಿನಂತಿ ಬರೆಯಲು ಬರುತ್ತದೆ. ಅಸಲಿ ಕಂಪನಿಗೆ ಆ ಯೋಗ್ಯತೆಯೂ ಇಲ್ಲ. ಇಬ್ಬರೂ ಶಿಕ್ಷಾರ್ಹರೆಂಬುದು ನನ್ನ ಅಭಿಪ್ರಾಯ.

ಆ ಹೊತ್ತಿನಲ್ಲಿ ಕೋಣೆಯಲ್ಲಿ ಮತ್ತಾರಿದ್ದರೆಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆಯವರು ಕೇಳಿದ್ದರಿಂದ ಇದನ್ನೂ ಸೇರಿಸುತ್ತೇನೆ. ಅಕ್ಕ ನನ್ನ ಬೆನ್ನ ಹಿಂದೆ, ಎರಡು ಅಡಿ ದೂರದಲ್ಲಿದ್ದರು. ೪.೧೧ಕ್ಕೆ ಸ್ಲೇಟಿನಿಂದ ಮೇಜನ್ನು ಮೂರು ಸಲ ಕುಟ್ಟಿದರು. ‘ಓದ್ತಾ ಇದೀನಿ, ಗಲಾಟೆ ಮಾಡ್ಬೇಡಕ್ಕಾ’ ಎಂದೆನೇ ಹೊರತು ತಿರುಗಿ ನೋಡಲಿಲ್ಲ. ಸ್ಲೇಟಿನಲ್ಲಿದ್ದುದು: ‘ತಡಿಯೋ ಪುಟ್ಟ. ಹೋದ್ಸಲ ಒತ್ತಿದ್ದು ಕೆಳಗಿಂದು.’

ಇದರಲ್ಲಿ ಹೆಚ್ಚಿಸಿದ್ದೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ. ಓದಿಸಿ ಕೇಳಿ, ಪೇದೆಯವರ ಎರಡು ವಾಕ್ಯಗಳನ್ನು ನೆಟ್ಟಗೆ ಮಾಡಿ, ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಇದೇ ತಿಂಗಳ ಹತ್ತು, ಬೆಳಿಗ್ಗೆ ೧೧.೨೦
ಸಹಿ: (ಅರ್ಜಿ ಮೇಷ್ಟ್ರು)

ಲಗತ್ತು: ಸ್ಲೇಟು, ಒಂದು. ಮುಂಬದಿಯ ಬರಹವನ್ನು ಒರೆಸಬಾರದು. ಮಾತಾಡಲು ಅಕ್ಕನಿಗೆ ಹಿಂಬದಿ ಬೇಕು; ಇಂದೇ ಹಿಂದಿರುಗಿಸುವುದು.